ಸಾಕ್ಷಿ ನುಡಿವ ಹರಕು ಹಾಳೆಗಳು

ಪ್ರತಿ ವರ್ಷ ಶುಭ ಶುಕ್ರವಾರದಂದು ನಮ್ಮ ದೇವಾಲಯಗಳಲ್ಲಿ ಸಂತ ಯೊವಾನ್ನರ ಶುಭಸಂದೇಶದಿಂದ ಪ್ರಭುವಿನ ಪೂಜ್ಯ ಪಾಡುಗಳ ವೃತ್ತಾಂತವನ್ನು ಓದಲಾಗುತ್ತದೆ. ರಾಜ್ಯಪಾಲ ಪಿಲಾತನ ಮುಂದೆ ಯೇಸುಸ್ವಾಮಿ ವಿಚಾರಣೆಗೆ ನಿಲ್ಲುವ ಸನ್ನಿವೇಶವನ್ನು ಕೇಳಿ ಅರಿಯದ ಕಥೋಲಿಕರಿಲ್ಲ. ತಾವು ಸತ್ಯಕ್ಕೆ ಸಾಕ್ಷಿ ನುಡಿಯಲು ಬಂದವರೆಂದು ಪ್ರಭು ಹೇಳುತ್ತಾರೆ. ಸತ್ಯವೆಂದರೆ ಏನೆಂದು ಪಿಲಾತನು ಕೇಳುತ್ತಾನೆ; ಕೇಳಿದವನು ಉತ್ತರಕ್ಕೆ ಕಾಯದೆ ಹೊರಗೆ ಹೊರಟುಹೋಗುತ್ತಾನೆ.

ಈ ಸನ್ನಿವೇಶದ ಕೆಲವು ಸಾಲುಗಳನ್ನು ಹೊತ್ತ ಒಂದು ಹಾಳೆಯ ಚೂರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ಅದರ ಎತ್ತರ ಸುಮಾರು 9 ಸೆಂಟಿಮೀಟರ್, ಅಗಲ 6 ಸೆಂಟಿಮೀಟರ್. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಎರಡು ಬದಿಗಳಲ್ಲಿಯೂ ಗ್ರೀಕ್ ಲಿಪಿಯ ಏಳೇಳು ಸಾಲುಗಳಿವೆ, ಆದರೆ ಯಾವ ಸಾಲೂ ಇಡಿಯಾಗಿ ಉಳಿದಿಲ್ಲ. ವಿದ್ವಾಂಸರು ಇದನ್ನು 'ಪಿ 52' ಎಂದು ಕರೆಯುತ್ತಾರೆ. ಹೊಸ ಒಡಂಬಡಿಕೆಯ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ.

ಈ ಚೂರಿನ ಹಿಂಬದಿಯಲ್ಲಿ 'ಸತ್ಯ' ಎಂಬ ಗ್ರೀಕ್ ಪದದ ಮೊದಲ ಭಾಗವನ್ನು ಇಂದಿಗೂ ಓದಬಹುದು. ಅದರ ಕೆಳಗಿನ ಸಾಲಿನ ಕೊನೆಯಲ್ಲಿ, ಅವನು ಆತನಿಗೆ ಹೇಳುತ್ತಾನೆ ಎಂಬರ್ಥದ ಎರಡು ಪದಗಳಿವೆ. ಪಿಲಾತನ ಪ್ರಶ್ನೆ ಇರಬೇಕಾಗಿದ್ದುದು ಅದರ ಮುಂದಿನ ಸಾಲಿನಲ್ಲಿ. ಆದರೆ ಆ ಭಾಗವೇ ಹರಿದುಹೋಗಿದೆ. ಪ್ರಶ್ನೆಯಾದ ಮೇಲಿನ ಒಂದೆರಡು ಪದಗಳು ಮಾತ್ರ ಸಾಲಿನ ತುದಿಯಲ್ಲಿ ಉಳಿದಿವೆ. ಸತ್ಯವೆಂದರೇನೆಂದು ಕೇಳಿದ ಮಾತನ್ನು ಕಾಲವು ಕಿತ್ತುಕೊಂಡು ಹೋಗಿದೆ. ಈ ಹಾಳೆಗಳ ಕಥೆಯನ್ನು ಅರಿತವರಿಗೆ ಆ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ: ಒಂದು ಚೂರು ಸತ್ಯಕ್ಕೆ ಸಾಕ್ಷಿಯಾಗಬೇಕಾದರೆ ಅದು ನಮ್ಮ ಕೈಗೆ ಯಾವ ದಾರಿಯಿಂದ ಬಂದಿರಬೇಕು?

ಹಾಳೆ ಹುಟ್ಟುವ ಬಗೆ

ನಮ್ಮ ಪೂರ್ವಿಕರು ತಾಳೆಗರಿಯ ಮೇಲೆ ಕಂಟದಿಂದ ಬರೆದಂತೆ, ಈಜಿಪ್ಟಿನವರು ಪಪೈರಸ್ ಎಂಬ ಜೊಂಡಿನಿಂದ ಹಾಳೆ ಮಾಡಿಕೊಂಡರು. ನೈಲ್ ನದಿಯ ಜೌಗು ನೆಲದಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಈ ಸಸ್ಯದ ದಂಟನ್ನು ಕತ್ತರಿಸಿ, ಒಳಗಿನ ತಿರುಳನ್ನು ತೆಳುವಾದ ಪಟ್ಟಿಗಳಾಗಿ ಸೀಳುತ್ತಿದ್ದರು. ಒಂದು ಪದರವನ್ನು ಉದ್ದಕ್ಕೂ ಅದರ ಮೇಲೆ ಇನ್ನೊಂದನ್ನು ಅಡ್ಡಕ್ಕೂ ಹರಡಿ, ಒತ್ತಿ, ಒಣಗಿಸಿದರೆ ಹಾಳೆ ಸಿದ್ಧವಾಗುತ್ತಿತ್ತು. ಹಾಳೆಗೆ ಹಾಳೆಯನ್ನು ಅಂಟಿಸಿ ಸುತ್ತಿದರೆ ಸುರುಳಿ. ಮಡಿಸಿ ಹೊಲಿದರೆ ಪುಸ್ತಕ. ಗ್ರೀಕ್ ಸಾಹಿತ್ಯವು ಬಹುಕಾಲ ಸುರುಳಿಯಲ್ಲಿಯೇ ಉಳಿಯಿತು. ಕ್ರೈಸ್ತರಾದರೋ ತಮ್ಮ ಪವಿತ್ರ ಗ್ರಂಥಗಳಿಗೆ ಆರಂಭದಿಂದಲೇ ಹೊಲಿದ ಪುಸ್ತಕದ ರೂಪವನ್ನು ಹೆಚ್ಚಾಗಿ ಬಳಸಿದರು. ಮೇಲೆ ಹೇಳಿದ ಚೂರಿನ ಎರಡೂ ಬದಿಗಳಲ್ಲಿ ಒಂದೇ ಶುಭಸಂದೇಶದ ಬರಹ ಮುಂದುವರಿದಿರುವುದರಿಂದ ಅದೂ ಇಂತಹ ಪುಸ್ತಕವೊಂದರ ಪುಟವೆಂದು ತಿಳಿಯುತ್ತದೆ.

ಪಪೈರಸ್‌ಗೆ ತೇವವೇ ಶತ್ರು. ರೋಮಿನಲ್ಲಿಯೂ ಅಂತಿಯೋಕ್ಯದಲ್ಲಿಯೂ ಆದಿ ಕ್ರೈಸ್ತರು ಓದಿದ ಪ್ರತಿಗಳು ಮಣ್ಣಾದವು. ಮಳೆ ಬೀಳದ ಈಜಿಪ್ಟಿನ ಮರಳು ಮಾತ್ರ ತನ್ನ ಪಾಲನ್ನು ಕಾಪಾಡಿಕೊಂಡಿತು. ಆದ್ದರಿಂದ ನಮಗೆ ದೊರೆತಿರುವ ಪುರಾತನ ಪಪೈರಸ್ ಹಾಳೆಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದವು.

ತಿಪ್ಪೆಯೊಳಗಿನ ನಿಧಿ

ಕೈರೋ ನಗರದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಬೆಹ್ನೆಸಾ ಎಂಬ ಊರಿದೆ. ಗ್ರೀಕರ ಕಾಲದಲ್ಲಿ ಅದರ ಹೆಸರು ಆಕ್ಸಿರಿಂಕಸ್. 1896-97ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನ ಇಬ್ಬರು ತರುಣ ವಿದ್ವಾಂಸರು, ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್, ಅಲ್ಲಿ ಅಗೆಯತೊಡಗಿದರು. ಅವರು ಅಗೆದುದು ದೇಗುಲವನ್ನಲ್ಲ, ಅರಮನೆಯನ್ನೂ ಅಲ್ಲ. ಊರಿನವರು ನೂರಾರು ವರ್ಷ ಕಸ ಸುರಿದ ತಿಪ್ಪೆಗಳನ್ನು. ಅಗೆತ ಆರಂಭವಾಗಿ ಹೆಚ್ಚು ದಿನಗಳಾಗಿರಲಿಲ್ಲ. ಮುದುಡಿದ ಹಾಳೆಯೊಂದನ್ನು ಬಿಡಿಸಿ ನೋಡುತ್ತಿದ್ದ ಹಂಟ್ ಅವರಿಗೆ ಕಸದ ಕಡ್ಡಿ ಎಂಬರ್ಥದ ಅಪರೂಪದ ಗ್ರೀಕ್ ಪದವೊಂದು ಕಂಡಿತು. ಸೋದರನ ಕಣ್ಣಿನ ಕಸವನ್ನು ಕುರಿತ ಪ್ರಭುವಿನ ಬೋಧನೆ ಅವರ ನೆನಪಿಗೆ ಬಂತು. ಅದು ಯೇಸುಸ್ವಾಮಿಯವೆಂದು ಹೇಳಲಾದ ಉಕ್ತಿಗಳ ಹಾಳೆಯಾಗಿತ್ತು. ಧರ್ಮಸಭೆಯು ಪವಿತ್ರ ಗ್ರಂಥಗಳ ಸಾಲಿಗೆ ಸೇರಿಸದ 'ತೋಮನ ಶುಭಸಂದೇಶ'ದ ಭಾಗವದು ಎಂಬುದು ಬಹುಕಾಲದ ನಂತರ ಖಚಿತವಾಯಿತು. ಅದರ ಹಿಂದೆಯೇ ಸಂತ ಮತ್ತಾಯರ ಶುಭಸಂದೇಶದ ಮೊದಲ ಅಧ್ಯಾಯದ ಹಾಳೆಯೂ ದೊರೆಯಿತು.

ಮುಂದಿನ ವರ್ಷಗಳಲ್ಲಿ ಆ ತಿಪ್ಪೆಗಳಿಂದ ಪೆಟ್ಟಿಗೆಗಟ್ಟಲೆ ಹಾಳೆಗಳು ಆಕ್ಸ್‌ಫರ್ಡ್ ಸೇರಿದವು. ಚೂರುಗಳ ಸಂಖ್ಯೆ ಸುಮಾರು ಐದು ಲಕ್ಷವೆಂದು ಅಂದಾಜು. ಅವುಗಳನ್ನು ಓದಿ ಪ್ರಕಟಿಸುವ ಗ್ರಂಥಮಾಲೆಯ ಮೊದಲ ಸಂಪುಟ 1898ರಲ್ಲಿ ಹೊರಬಂತು. ಇದುವರೆಗೆ 80ಕ್ಕೂ ಹೆಚ್ಚು ಸಂಪುಟಗಳು ಬಂದಿವೆ, ಐದು ಸಾವಿರಕ್ಕೂ ಹೆಚ್ಚು ಬರಹಗಳು ಬೆಳಕು ಕಂಡಿವೆ, ಕೆಲಸ ಮುಗಿದಿಲ್ಲ.

ಅಲ್ಲಿ ಏನೆಲ್ಲ ಇದೆ! ತೆರಿಗೆಯ ರಶೀದಿಗಳಿವೆ, ಮದುವೆಯ ಕರಾರುಗಳಿವೆ, ಸಾಲಪತ್ರಗಳಿವೆ. ತನ್ನನ್ನು ಅಲೆಕ್ಸಾಂದ್ರಿಯಕ್ಕೆ ಕರೆದೊಯ್ಯದ ತಂದೆಗೆ ತೆಯೋನ್ ಎಂಬ ಹುಡುಗ ಮುನಿಸಿನಿಂದ ಬರೆದ ಓಲೆಯಿದೆ. ಕರೆದುಕೊಂಡು ಹೋಗದಿದ್ದರೆ ಊಟವನ್ನೇ ಬಿಡುವೆನೆಂದು ಅವನು ಬೆದರಿಸುತ್ತಾನೆ. ಚಕ್ರವರ್ತಿ ದೇಸಿಯನ ಆಳ್ವಿಕೆಯಲ್ಲಿ, ಕ್ರಿ.ಶ. 250ರಲ್ಲಿ, ದೇವತೆಗಳಿಗೆ ಬಲಿ ಅರ್ಪಿಸಿದ್ದೇವೆಂದು ಪ್ರಜೆಗಳು ಅಧಿಕಾರಿಗಳಿಂದ ಬರೆಸಿಕೊಳ್ಳಬೇಕಾಗಿದ್ದ ಪ್ರಮಾಣಪತ್ರವಿದೆ. ಆ ಪತ್ರವನ್ನು ಪಡೆಯಲೊಪ್ಪದ ಎಷ್ಟೋ ಕ್ರೈಸ್ತರು ಪ್ರಾಣ ತೆತ್ತರು. ಧಾನ್ಯದ ಲೆಕ್ಕವನ್ನು ಬರೆದಿದ್ದ ಹಾಳೆಯೊಂದರ ಹಿಂಬದಿಯಲ್ಲಿ ಪವಿತ್ರ ತ್ರಿತ್ವವನ್ನು ಕೊಂಡಾಡುವ ಗ್ರೀಕ್ ಕೀರ್ತನೆಯೊಂದು ಸ್ವರಲಿಪಿಯ ಸಮೇತ ಇದೆ. ಸ್ವರಲಿಪಿಯೊಡನೆ ಉಳಿದು ಬಂದಿರುವ ಕ್ರೈಸ್ತ ಕೀರ್ತನೆಗಳಲ್ಲಿ ಅದೇ ಅತ್ಯಂತ ಹಳೆಯದು.

ಕನ್ನಡಿಗರಿಗೂ ಆ ತಿಪ್ಪೆಯಲ್ಲಿ ಒಂದು ಕುತೂಹಲದ ಪಾಲಿದೆ. 1903ರಲ್ಲಿ ಪ್ರಕಟವಾದ 413ನೆಯ ಸಂಖ್ಯೆಯ ಪಪೈರಸ್ ಒಂದು ಗ್ರೀಕ್ ಪ್ರಹಸನ. ಕರಿತಿಯೋನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದಲ್ಲಿ ಸೆರೆಯಾಗಿರುತ್ತಾಳೆ. ಅವಳ ಸೋದರನ ತಂಡದವರು ಅಲ್ಲಿನ ಅರಸನಿಗೆ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಳ್ಳುತ್ತಾರೆ. ಅರಸನೂ ಅವನ ಪರಿವಾರವೂ ಗ್ರೀಕರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ. ಆ ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ ಅವರು 1904ರಲ್ಲಿ ವಾದಿಸಿದರು. ಲಂಡನ್ನಿನ ಬಾರ್ನೆಟ್ ಅವರು 1926ರಲ್ಲಿ ಅದನ್ನು ಒಪ್ಪದೆ ಬರೆದರು. ವಾದ ಇಂದಿಗೂ ತೀರ್ಮಾನವಾಗಿಲ್ಲ. ಆದರೂ ವಾದಿಸಲು ನಮಗೊಂದು ನೆಲೆಯಿದೆ: ಆ ಹಾಳೆ ಯಾವ ಊರಿನ ಯಾವ ಅಗೆತದಿಂದ ಬಂತೆಂಬ ಬಗ್ಗೆ ಯಾರಿಗೂ ಸಂದೇಹವಿಲ್ಲ.

ಸಂಗ್ರಾಹಕರ ಕಾಲ

ಎಲ್ಲ ಹಾಳೆಗಳಿಗೂ ಇಂತಹ ಭಾಗ್ಯವಿರಲಿಲ್ಲ. ಅಗೆತದ ವಿದ್ವಾಂಸರ ಜೊತೆಜೊತೆಗೆ ಪುರಾತನ ವಸ್ತುಗಳ ವ್ಯಾಪಾರಿಗಳೂ ಈಜಿಪ್ಟಿನಲ್ಲಿ ಬೀಡುಬಿಟ್ಟಿದ್ದರು. ಗೊಬ್ಬರದ ಮಣ್ಣಿಗಾಗಿ ಹಳೆಯ ದಿಬ್ಬಗಳನ್ನು ಅಗೆಯುತ್ತಿದ್ದ ರೈತರು ಸಿಕ್ಕಿದ್ದನ್ನು ಅವರಿಗೆ ಮಾರುತ್ತಿದ್ದರು, ಅವರಿಂದ ಯುರೋಪಿನ ಗ್ರಂಥಾಲಯಗಳೂ ಧನಿಕರೂ ಕೊಳ್ಳುತ್ತಿದ್ದರು. ತತ್ವಶಾಸ್ತ್ರವನ್ನು ಓದಿದವರೆಲ್ಲ ಬಲ್ಲ ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ಸಂವಿಧಾನ'ವು ಶತಮಾನಗಳ ಕಾಲ ಕಳೆದುಹೋಗಿತ್ತು. ಅದು ಜಮೀನುದಾರನೊಬ್ಬನ ಬೇಸಾಯದ ಲೆಕ್ಕಪತ್ರದ ಹಿಂಬದಿಯಲ್ಲಿ ದೊರೆತು, ಬ್ರಿಟಿಷ್ ಮ್ಯೂಸಿಯಂ ಕೊಂಡ ಸುರುಳಿಗಳಿಂದ 1891ರಲ್ಲಿ ಫ್ರೆಡರಿಕ್ ಕೆನ್ಯನ್ ಅವರ ಮೂಲಕ ಪ್ರಕಟವಾಯಿತು.

ಅಮೆರಿಕದಲ್ಲಿ ಹುಟ್ಟಿದ ಗಣಿ ಉದ್ಯಮಿ ಆಲ್ಫ್ರೆಡ್ ಚೆಸ್ಟರ್ ಬೀಟಿ ಅವರು ಕೊಂಡ ಪಪೈರಸ್ ಪುಸ್ತಕಗಳ ಸುದ್ದಿ 1931ರ ನವೆಂಬರಿನಲ್ಲಿ ಹೊರಬಂದಾಗ ಕ್ರೈಸ್ತ ಲೋಕವೇ ಬೆರಗಾಯಿತು. ಶುಭಸಂದೇಶಗಳು, ಪ್ರೇಷಿತರ ಕಾರ್ಯಕಲಾಪಗಳು, ಸಂತ ಪೌಲರ ಪತ್ರಗಳು, ಪ್ರಕಟನಾ ಗ್ರಂಥ ಇವೆಲ್ಲದರ ಪುಟಗಳು ಅದರಲ್ಲಿದ್ದವು. ಸಂತ ಪೌಲರ ಪತ್ರಗಳ ಆ ಒಂದೇ ಪುಸ್ತಕದಿಂದ ಉಳಿದಿರುವ ಹಾಳೆಗಳು 86. ಅವುಗಳಲ್ಲಿ 56 ಐರ್ಲೆಂಡಿನ ಡಬ್ಲಿನ್ ನಗರದಲ್ಲಿವೆ, 30 ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿವೆ. ಒಂದೇ ಹೊಲಿಗೆಯಲ್ಲಿದ್ದ ಪುಸ್ತಕ ಸಾಗರದ ಎರಡು ದಡಗಳಿಗೆ ಹಂಚಿಹೋದುದು ವ್ಯಾಪಾರಿಗಳ ಕೈಚಳಕದಿಂದ. ಇಡಿಯಾಗಿ ಮಾರುವುದಕ್ಕಿಂತ ಬಿಡಿಯಾಗಿ ಮಾರಿದರೆ ಲಾಭ ಹೆಚ್ಚಲ್ಲವೆ? ಅವು ಯಾವ ನೆಲದಿಂದ ಬಂದವೆಂಬ ಗುಟ್ಟನ್ನೂ ಅವರು ಬಿಟ್ಟುಕೊಡಲಿಲ್ಲ.

ಮ್ಯಾಂಚೆಸ್ಟರಿನ ಚೂರಿನ ಕಥೆಯೂ ಇದೇ. 1920ರಲ್ಲಿ ಗ್ರೆನ್‌ಫೆಲ್ ಅವರೇ ಅದನ್ನು ಇತರ ಹಾಳೆಗಳೊಡನೆ ಈಜಿಪ್ಟಿನ ಮಾರುಕಟ್ಟೆಯಲ್ಲಿ ಕೊಂಡರು. ಹಲವು ವರ್ಷ ಯಾರೂ ಗಮನಿಸಲಿಲ್ಲ. 1935ರಲ್ಲಿ ಕಾಲಿನ್ ರಾಬರ್ಟ್ಸ್ ಎಂಬ ತರುಣ ವಿದ್ವಾಂಸರು ಅದನ್ನು ಗುರುತಿಸಿ ಪ್ರಕಟಿಸಿ, ಎರಡನೆಯ ಶತಮಾನದ ಮೊದಲರ್ಧದ್ದೆಂದು ನಿರ್ಣಯಿಸಿದರು. ಅಗೆತದಲ್ಲಿ ದೊರೆತಿದ್ದರೆ ಅದರ ಅಕ್ಕಪಕ್ಕದಲ್ಲಿದ್ದ ತಾರೀಖುಳ್ಳ ಪತ್ರಗಳು ಕಾಲವನ್ನು ಹೇಳಲು ನೆರವಾಗುತ್ತಿದ್ದವೋ ಏನೋ. ಮಾರುಕಟ್ಟೆಯಿಂದ ಬಂದುದರಿಂದ ಅಕ್ಷರದ ಮೋಡಿಯೊಂದೇ ಆಧಾರ. ಆ ಆಧಾರದಿಂದಲೇ ಇಂದು ಕೆಲವರು ಅದು ಎರಡನೆಯ ಶತಮಾನದ ಕೊನೆಗೋ ಮೂರನೆಯ ಶತಮಾನದ ಆರಂಭಕ್ಕೋ ಸೇರಿರಬಹುದೆನ್ನುತ್ತಾರೆ. ಅದೇ ಗ್ರಂಥಾಲಯದಲ್ಲಿರುವ ಇನ್ನೊಂದು ಹಾಳೆ ನಮಗೆ ಇನ್ನಷ್ಟು ಆಪ್ತವಾದುದು. ದೇವಮಾತೆಯ ಆಶ್ರಯವನ್ನು ಬೇಡುವ, ನಮ್ಮ ಅಜ್ಜಿಯಂದಿರಿಗೂ ಪರಿಚಿತವಾಗಿದ್ದ ಪ್ರಾರ್ಥನೆಯ ಗ್ರೀಕ್ ಮೂಲ ಅದರಲ್ಲಿದೆ. 1938ರಲ್ಲಿ ರಾಬರ್ಟ್ಸ್ ಅವರೇ ಅದನ್ನೂ ಪ್ರಕಟಿಸಿದರು. ಅದು ಮೂರನೆಯ ಶತಮಾನದ್ದೆಂದು ಕೆಲವರು, ಬಹಳ ನಂತರದ್ದೆಂದು ಹಲವರು ಹೇಳುತ್ತಾರೆ. ಕಾರಣ ಅದೇ: ಬಂದ ದಾರಿ ಮುಚ್ಚಿಹೋಗಿದೆ.

ಸಂಗ್ರಾಹಕರಿಂದ ಲೋಕಕ್ಕೆ ಉಪಕಾರವಾಗಿಲ್ಲವೆಂದು ಹೇಳುವಂತಿಲ್ಲ. ಸ್ವಿಟ್ಜರ್ಲೆಂಡಿನ ಮಾರ್ಟಿನ್ ಬೊಡ್ಮರ್ ಅವರು ಕೊಂಡ ಸಂಗ್ರಹದಲ್ಲಿ ಸಂತ ಲೂಕರ ಮತ್ತು ಸಂತ ಯೊವಾನ್ನರ ಶುಭಸಂದೇಶಗಳ ಒಂದು ಪುಸ್ತಕವಿತ್ತು. 1961ರಲ್ಲಿ ಅದು ಪ್ರಕಟವಾದಾಗ, ವ್ಯಾಟಿಕನ್ ಗ್ರಂಥಾಲಯದಲ್ಲಿರುವ ನಾಲ್ಕನೆಯ ಶತಮಾನದ ಸುಪ್ರಸಿದ್ಧ ಬೈಬಲ್ ಪ್ರತಿಯ ಪಾಠಕ್ಕೆ ಅದು ಅತ್ಯಂತ ಹತ್ತಿರವಾಗಿರುವುದು ಕಂಡುಬಂತು. ಪ್ರತಿ ಮಾಡಿದ ಕೈಗಳು ಎಷ್ಟು ಶ್ರದ್ಧೆಯಿಂದ ಮಾಡಿದ್ದವೆಂಬುದಕ್ಕೆ ಅದು ನಿದರ್ಶನ. ಅಮೆರಿಕದ ಕಥೋಲಿಕ ಕುಟುಂಬವೊಂದು ಅದನ್ನು ಕೊಂಡು ಕಾಣಿಕೆಯಾಗಿ ನೀಡಲು, 2007ರ ಜನವರಿಯಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅದನ್ನು ಸ್ವೀಕರಿಸಿದರು.

ಹಸಿವು ಮತ್ತು ಸಂತೆ

ಆದರೆ ಒಳ್ಳೆಯ ಹಂಬಲವೂ ಅಳತೆ ಮೀರಿದರೆ ಬಲೆಯಾಗುತ್ತದೆ. ತಮ್ಮ ವಿಶ್ವಾಸವನ್ನು ಯಾರೂ ಅಲ್ಲಗಳೆಯಲಾಗದಂತೆ ರುಜುವಾತು ಪಡಿಸುವ ಒಂದು ಚೂರು ಸಿಕ್ಕರೆ ಸಾಕೆಂಬ ಹಸಿವು ಭಕ್ತರಲ್ಲಿ ಇರುವವರೆಗೂ ಆ ಹಸಿವಿಗೆ ಉಣಬಡಿಸುವವರು ಇದ್ದೇ ಇರುತ್ತಾರೆ. 1861ರಲ್ಲಿಯೇ ಕಾನ್‌ಸ್ಟಾಂಟಿನ್ ಸಿಮೋನಿಡೀಸ್ ಎಂಬ ಗ್ರೀಕನು ಲಿವರ್‌ಪೂಲಿನ ಸಂಗ್ರಾಹಕ ಜೋಸೆಫ್ ಮೇಯರ್ ಅವರ ಹಾಳೆಗಳ ನಡುವೆ ಒಂದನೆಯ ಶತಮಾನದ ಮತ್ತಾಯರ ಶುಭಸಂದೇಶ ಸಿಕ್ಕಿತೆಂದು ಪ್ರಕಟಿಸಿದನು. ಅದು ಅವನದೇ ಕೈಬರಹದ ಖೋಟಾ ಆಗಿತ್ತು.

ನೂರೈವತ್ತು ವರ್ಷಗಳ ನಂತರವೂ ಅದೇ ನಾಟಕ ನಡೆಯಿತು. 2012ರಲ್ಲಿ ಅಮೆರಿಕದ ಒಂದು ಬಹಿರಂಗ ಚರ್ಚೆಯಲ್ಲಿ, ಸಂತ ಮಾರ್ಕರ ಶುಭಸಂದೇಶದ ಒಂದನೆಯ ಶತಮಾನದ ಚೂರು ದೊರೆತಿದೆಯೆಂಬ ಮಾತು ಹೊರಬಿತ್ತು. ಶುಭಸಂದೇಶಕಾರರ ಕಾಲದಲ್ಲಿಯೇ ಬರೆದ ಪ್ರತಿ! ಸುದ್ದಿ ಎಲ್ಲೆಡೆ ಹಬ್ಬಿತು, ಆದರೆ ಚೂರನ್ನು ಕಂಡವರಿಲ್ಲ. 2018ರಲ್ಲಿ ಅದು ಆಕ್ಸಿರಿಂಕಸ್ ಗ್ರಂಥಮಾಲೆಯ 83ನೆಯ ಸಂಪುಟದಲ್ಲಿ ಪ್ರಕಟವಾಯಿತು. ಒಂದು ಬೆಂಕಿಪೊಟ್ಟಣದಷ್ಟು ಚಿಕ್ಕ ಚೂರು. ಕಾಲ ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯ ಶತಮಾನದ ಆರಂಭ. ಅದು ಹೊಸದಾಗಿ ದೊರೆತುದೂ ಅಲ್ಲ. ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತಂದ ಹಾಳೆಗಳಲ್ಲಿಯೇ ಅದು ಶತಮಾನದಷ್ಟು ಕಾಲ ಇತ್ತು.

ಅದಕ್ಕಿಂತ ಕಹಿಯಾದ ಸಂಗತಿ 2019ರಲ್ಲಿ ಬಯಲಾಯಿತು. ಸಂಘದ ಒಡೆತನದಲ್ಲಿದ್ದ ಅದೇ ಚೂರನ್ನು 2013ರ ಒಂದು ಕರಾರುಪತ್ರದಲ್ಲಿ ಅಮೆರಿಕದ ಹಾಬಿ ಲಾಬಿ ಎಂಬ ವ್ಯಾಪಾರ ಸಂಸ್ಥೆಗೆ ಮಾರಿದಂತೆ ಬರೆಯಲಾಗಿತ್ತು. ಆ ಸಂಸ್ಥೆಯ ಒಡೆಯರು ಶ್ರದ್ಧಾವಂತ ಪ್ರೊಟೆಸ್ಟಂಟ್ ಕ್ರೈಸ್ತರು. 2009ರಿಂದ ಕೆಲವೇ ವರ್ಷಗಳಲ್ಲಿ ಸುಮಾರು 40,000 ಪುರಾತನ ವಸ್ತುಗಳನ್ನು ಕೊಂಡು, 2017ರಲ್ಲಿ ವಾಷಿಂಗ್ಟನ್ನಿನಲ್ಲಿ ಬೈಬಲ್ ಮ್ಯೂಸಿಯಂ ತೆರೆದವರು. ಆಕ್ಸಿರಿಂಕಸ್ ಹಾಳೆಗಳ ಒಡೆತನವುಳ್ಳ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿ ತನಿಖೆ ನಡೆಸಿದಾಗ, ತನ್ನ ಸಂಗ್ರಹದ 13 ಹಾಳೆಗಳು ಆ ಮ್ಯೂಸಿಯಂ ಸೇರಿರುವುದು ಗೊತ್ತಾಯಿತು. ಕಾಣೆಯಾದ ಒಟ್ಟು ಚೂರುಗಳು ಸುಮಾರು 120. ಹಾಳೆಗಳನ್ನು ಸಂಪಾದಿಸುತ್ತಿದ್ದ ಪ್ರಾಧ್ಯಾಪಕರೊಬ್ಬರ ಮೇಲೆಯೇ ಆರೋಪ ಬಂತು; ಅವರು ಅದನ್ನು ನಿರಾಕರಿಸಿದರು. ದೇವರ ವಾಕ್ಯವನ್ನು ಬರೆದ ಹಾಳೆಗಳು ಕದ್ದ ಮಾಲಾಗಿ ಸಾಗರ ದಾಟಿದವೆಂಬುದನ್ನು ಓದುವಾಗ ಮನಸ್ಸು ಮುದುಡುತ್ತದೆ. ಏಳನೆಯ ಆಜ್ಞೆಯನ್ನು ಮುರಿದು ಪಡೆದ ಬೈಬಲಿನ ಹಾಳೆಯು ಆ ಆಜ್ಞೆಯನ್ನು ಯಾರಿಗೆ ತಾನೆ ಬೋಧಿಸಬಲ್ಲದು?

ಅದೇ ಮ್ಯೂಸಿಯಂ ಕೊಂಡಿದ್ದ ಮೃತ ಸಮುದ್ರದ ಸುರುಳಿಗಳ 16 ಚೂರುಗಳೂ ಖೋಟಾ ಎಂದು 2020ರಲ್ಲಿ ಸಾಬೀತಾಯಿತು. ಹಳೆಯ ಚರ್ಮದ ಮೇಲೆ ಹೊಸ ಶಾಯಿಯಿಂದ ಬರೆದ ಅಕ್ಷರಗಳವು. ಇನ್ನು ಕೆಲವರು ಶುಭಸಂದೇಶದ ಚೂರು ಸಿಗಬಹುದೆಂಬ ಆಸೆಯಿಂದ, ಹಳೆಯ ಹಾಳೆಗಳನ್ನು ಅಂಟಿಸಿ ಮಾಡಿದ ಈಜಿಪ್ಟಿನ ಶವಮುಖವಾಡಗಳನ್ನು ನೀರಿನಲ್ಲಿ ಕರಗಿಸತೊಡಗಿದರು. ಸತ್ತವನ ಮುಖಕ್ಕೆ ಅವನ ಬಂಧುಗಳು ಹೊದಿಸಿದ್ದ ಮುಖವಾಡವದು. ಅಂತಹ ಮುಖವಾಡಗಳಿಗೆ ಹಾಳೆ ಬಳಸುವ ಪದ್ಧತಿ ಬಹುಮಟ್ಟಿಗೆ ಕ್ರಿಸ್ತಜಯಂತಿಯ ಕಾಲಕ್ಕೇ ನಿಂತುಹೋಗಿತ್ತೆಂದು ಬಲ್ಲವರು ಎಚ್ಚರಿಸಿದರು. ಹಸಿದವನ ಕಿವಿಗೆ ಎಚ್ಚರಿಕೆ ಬೀಳುವುದು ಕಷ್ಟ.

ಈ ಹಸಿವು ವಿಶ್ವಾಸಿಗಳಿಗಷ್ಟೇ ಮೀಸಲಲ್ಲ. 2012ರ ಸೆಪ್ಟೆಂಬರಿನಲ್ಲಿ ರೋಮಿನ ವಿದ್ವತ್ ಸಮ್ಮೇಳನವೊಂದರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ಕರೆನ್ ಕಿಂಗ್ ಅವರು ಕಾಪ್ಟಿಕ್ ಭಾಷೆಯ ಒಂದು ಚೂರನ್ನು ಪರಿಚಯಿಸಿದರು. ಅದರಲ್ಲಿ ಯೇಸು ತಮಗೆ ಪತ್ನಿಯಿರುವಂತೆ ಮಾತಾಡಿದ್ದರೆಂಬುದು ಜಗತ್ತಿನ ಪತ್ರಿಕೆಗಳಿಗೆ ಔತಣವಾಯಿತು. ಹಾಳೆಯನ್ನು ಪರೀಕ್ಷಿಸಿದಾಗ ಅದು ನಿಜಕ್ಕೂ ಸಾವಿರ ವರ್ಷಕ್ಕೂ ಹಳೆಯದೆಂದು ತಿಳಿದುಬಂತು. ಆದರೆ ಬರಹದ ಪದಗಳು 'ತೋಮನ ಶುಭಸಂದೇಶ'ದ ಆಧುನಿಕ ಪ್ರತಿಯೊಂದರಿಂದ, ಅದರ ಅಚ್ಚಿನ ತಪ್ಪಿನ ಸಮೇತ, ಆಯ್ದವೆಂದು ವಿದ್ವಾಂಸರು ತೋರಿಸಿದರು. 2016ರಲ್ಲಿ ಪತ್ರಕರ್ತರೊಬ್ಬರು ಆ ಚೂರಿನ ಒಡೆಯನನ್ನು ಹುಡುಕಿ, ಅವನು ಕೊಟ್ಟ ಕಾಗದಪತ್ರಗಳನ್ನು ಶೋಧಿಸಿದ ಮೇಲೆ, ಅದು ಖೋಟಾ ಆಗಿರುವ ಸಂಭವವೇ ಹೆಚ್ಚೆಂದು ಕಿಂಗ್ ಅವರೂ ಒಪ್ಪಿಕೊಂಡರು.

ಆಪ್ತನ ಮಾತು

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ದೇಶದ ನ್ಯಾಯ ದರ್ಶನವು ಜ್ಞಾನಕ್ಕೆ ಸಾಧನವಾದ ಪ್ರಮಾಣಗಳಲ್ಲಿ ಪ್ರತ್ಯಕ್ಷವನ್ನೂ ಅನುಮಾನವನ್ನೂ ಶಬ್ದವನ್ನೂ ಎಣಿಸುತ್ತದೆ. ಕಣ್ಣಿಗೆ ಕಾಣುವುದು ಪ್ರತ್ಯಕ್ಷ. ಕಂಡದ್ದರಿಂದ ಕಾಣದ್ದನ್ನು ಊಹಿಸುವುದು ಅನುಮಾನ. ಶಬ್ದವೆಂದರೆ ಬಲ್ಲವನ ಮಾತು. ಆದರೆ ಆ ಮಾತು ಪ್ರಮಾಣವಾಗುವುದು ನುಡಿದವನು 'ಆಪ್ತ'ನಾಗಿದ್ದರೆ ಮಾತ್ರ, ಎಂದರೆ ವಿಷಯವನ್ನು ತಿಳಿದವನೂ ತಿಳಿದಂತೆ ನುಡಿಯುವವನೂ ಆಗಿದ್ದರೆ ಮಾತ್ರ.

ಪಪೈರಸ್ ಚೂರಿಗೆ ಈ ಅಳತೆಗೋಲನ್ನು ಹಿಡಿಯೋಣ. ಹಾಳೆ, ಶಾಯಿ ಪ್ರತ್ಯಕ್ಷ. ಖೋಟಾಗಾರನು ಹಳೆಯ ಹಾಳೆಯನ್ನು ಕೊಂಡು ತಂದು ಪ್ರತ್ಯಕ್ಷವನ್ನು ವಂಚಿಸಬಲ್ಲ. ಅಕ್ಷರದ ಮೋಡಿಯಿಂದ ಕಾಲವನ್ನು ಹೇಳುವುದು ಅನುಮಾನ. ಜಾಣನಾದವನು ಮೋಡಿಯನ್ನು ಅನುಕರಿಸಿ ಅದನ್ನೂ ವಂಚಿಸಬಲ್ಲ. ಉಳಿಯುವುದು ಮೂರನೆಯದು: ಇದು ಇಂತಹ ನೆಲದಲ್ಲಿ, ಇಂತಹ ದಿನ, ಇಂತಹವರಿಗೆ ಸಿಕ್ಕಿತು, ಇಂತಹವರ ಕೈಯಿಂದ ಇಂತಹವರಿಗೆ ಬಂತು ಎಂಬ ಸಾಕ್ಷ್ಯ. ಇದನ್ನು ಶಾಯಿಯಿಂದ ಬರೆಯಲಾಗದು. ಬಹಳ ಜನರ, ಬಹಳ ವರ್ಷಗಳ ಪ್ರಾಮಾಣಿಕತೆಯೇ ಇದಕ್ಕೆ ಬಂಡವಾಳ. ಕೈಯಿಂದ ಕೈಗೆ ಬರುವಾಗ ನಡುವೆ ಒಬ್ಬನು ಕದ್ದರೂ ಒಬ್ಬನು ಸುಳ್ಳಾಡಿದರೂ ಸರಪಣಿ ಅಲ್ಲಿಗೆ ಕಡಿಯುತ್ತದೆ. ಹಾಳೆ ಅದೇ, ಅಕ್ಷರ ಅದೇ. ಆದರೆ ಅದರ ಮಾತು ಆಪ್ತವಾಕ್ಯವಾಗಿ ಉಳಿಯುವುದಿಲ್ಲ.

ನಮ್ಮ ವಿಶ್ವಾಸವೂ ಇದೇ ರೀತಿ ಕೈಯಿಂದ ಕೈಗೆ ಬಂದದ್ದು. ಪ್ರಭು ಯೇಸು ಒಂದು ಪುಸ್ತಕವನ್ನೂ ಬರೆದಿಡಲಿಲ್ಲ; ಸಾಕ್ಷಿಗಳನ್ನು ಆರಿಸಿ ಕಳುಹಿಸಿದರು. ಅವರು ಕಂಡುದನ್ನು ಸಾರಿದರು, ಸಾರಿದ್ದನ್ನು ಬರೆದರು, ಬರೆದುದನ್ನು ಧರ್ಮಸಭೆಯು ಬಲಿಪೂಜೆಯಲ್ಲಿ ಓದುತ್ತ ಕಾಪಾಡಿತು. ಪವಿತ್ರ ಗ್ರಂಥವೂ ಪವಿತ್ರ ಪರಂಪರೆಯೂ ಒಂದೇ ದೈವಿಕ ಊಟೆಯಿಂದ ಹರಿದು ಬರುತ್ತವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಬೋಧಿಸಿತು. ವಿಶ್ವಾಸಿಯ ಮನಸ್ಸು ಮಾತುಗಳಲ್ಲಿಯೇ ನಿಲ್ಲದೆ ಆ ಮಾತುಗಳು ತೋರುವ ಸತ್ಯವಸ್ತುವನ್ನು ಮುಟ್ಟುತ್ತದೆಂದು ಸಂತ ತೋಮಸ್ ಅಕ್ವಿನಾಸರು ಹೇಳುವುದೂ ಇದನ್ನೇ. ಹೀಗಿರುವಾಗ ಮಾರ್ಕರ ಚೂರು ಒಂದನೆಯ ಶತಮಾನದ್ದಾಗಿರದೆ ಎರಡನೆಯದೋ ಮೂರನೆಯದೋ ಆದರೆ ನಮ್ಮ ವಿಶ್ವಾಸಕ್ಕೆ ಬಂದ ನಷ್ಟವೇನು? ಖೋಟಾ ಚೂರೊಂದು ಪ್ರಭುವಿಗೆ ಪತ್ನಿಯನ್ನು ಕಟ್ಟಿದರೆ ಅಲುಗುವುದಾದರೂ ಏನು? ಹಾಳೆಗಳು ನಮ್ಮ ವಿಶ್ವಾಸದ ಸಂಗಾತಿಗಳು, ಅದರ ಅಡಿಪಾಯವಲ್ಲ. ಸಂಗಾತಿಯನ್ನು ಪ್ರೀತಿಸಬೇಕು, ಅರಿಯಬೇಕು. ಅವನು ಹೇಳಲಾರದ ಮಾತನ್ನು ಅವನ ಬಾಯಿಂದ ಹೊರಡಿಸಲು ಹೋಗಬಾರದು.

ಒಂದು ವಿಷಯವನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ವಾಷಿಂಗ್ಟನ್ನಿನ ಮ್ಯೂಸಿಯಂ ಕೊನೆಗೆ ತಾನೇ ಹಣ ಕೊಟ್ಟು ತನ್ನ ಸುರುಳಿಯ ಚೂರುಗಳನ್ನು ಪರೀಕ್ಷೆ ಮಾಡಿಸಿತು. ಖೋಟಾ ಎಂಬ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿತು. 2021ರ ಜನವರಿಯಲ್ಲಿ ಸುಮಾರು 5,000 ಪಪೈರಸ್ ಚೂರುಗಳನ್ನು ಈಜಿಪ್ಟಿಗೆ ಹಿಂದಿರುಗಿಸಿತು. ಈಜಿಪ್ಟು 1983ರ ಕಾಯಿದೆಯಿಂದ ತನ್ನ ಪುರಾತನ ವಸ್ತುಗಳ ಮಾರಾಟವನ್ನೇ ನಿಲ್ಲಿಸಿದೆ. ಕದ್ದುದನ್ನು ಹಿಂದಿರುಗಿಸದೆ ಪಶ್ಚಾತ್ತಾಪ ಪೂರ್ಣವಾಗದೆಂದು ನಾವು ಜ್ಞಾನೋಪದೇಶದ ತರಗತಿಯಲ್ಲಿಯೇ ಕಲಿತಿದ್ದೇವೆ. ಪರಿಹಾರವೆಂಬ ಆ ಹಳೆಯ ಪಾಠ ಮ್ಯೂಸಿಯಂಗಳಿಗೂ ಅನ್ವಯಿಸುತ್ತದೆ.

ನಮ್ಮ ಪಾಲಿನ ಕೆಲಸ

ಇದೆಲ್ಲ ದೂರದೇಶದ ವಿದ್ವಾಂಸರ ವ್ಯವಹಾರ, ನಮಗೇನು ಎಂದು ಯಾರೂ ತಿಳಿಯಬಾರದು. ನಮ್ಮ ಮನೆಗಳ ಅಟ್ಟದಲ್ಲಿಯೂ ಹಳೆಯ ಪೆಟ್ಟಿಗೆಗಳಲ್ಲಿಯೂ ಅಜ್ಜಂದಿರ ಕೈಬರಹದ ಪ್ರಾರ್ಥನಾ ಪುಸ್ತಕಗಳು, ಕೀರ್ತನೆಯ ಹೊತ್ತಗೆಗಳು, ಜಮೀನಿನ ಓಲೆಗಳು, ದೂರದ ಊರಿನಿಂದ ಬಂದ ಕಾಗದಗಳು ಇರಬಹುದು. ಅವುಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ, ಹಳೆಯ ವಸ್ತುಗಳನ್ನು ಹುಡುಕಿಕೊಂಡು ಬಾಗಿಲಿಗೆ ಬಂದವನ ಕೈಗೆ ನಾಲ್ಕು ಕಾಸಿಗೆ ಕೊಡುವ ಮುನ್ನ, ಒಂದು ಕ್ಷಣ ಯೋಚಿಸಿರಿ. ಭಾರತದ 1972ರ ಕಾಯಿದೆಯ ಪ್ರಕಾರ 75 ವರ್ಷ ಮೀರಿದ, ಸಾಹಿತ್ಯಕ ಅಥವಾ ಚಾರಿತ್ರಿಕ ಮಹತ್ವವುಳ್ಳ ಹಸ್ತಪ್ರತಿಯೂ ಪುರಾತನ ವಸ್ತುವೇ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಕಾಯಿದೆಗಿಂತ ಮುಖ್ಯವಾದುದು ಇನ್ನೊಂದಿದೆ. ಒಂದು ಚೀಟಿಯ ಮೇಲೆ, ಇದನ್ನು ಬರೆದವರು ಯಾರು, ಯಾವ ಊರಿನವರು, ನಮ್ಮ ಮನೆಗೆ ಯಾರಿಂದ ಬಂತು ಎಂದು ತಿಳಿದಷ್ಟನ್ನು ಬರೆದು ಪುಸ್ತಕದೊಡನೆ ಇಡಿರಿ. ತಿಳಿಯದುದನ್ನು ಕಲ್ಪಿಸಿ ಬರೆಯಬೇಡಿರಿ. ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳಿರಿ, ಮಕ್ಕಳ ಕೈಯಿಂದ ಬರೆಸಿರಿ. ಈಜಿಪ್ಟಿನ ವ್ಯಾಪಾರಿಗಳು ಬಚ್ಚಿಟ್ಟಿದ್ದು ಅಂತಹ ಒಂದು ಚೀಟಿಯನ್ನೇ. ಅದೊಂದು ಇದ್ದಿದ್ದರೆ ವಿದ್ವಾಂಸರು ನೂರು ವರ್ಷ ವಾದಿಸಬೇಕಾಗಿರಲಿಲ್ಲ.

ಮುಂದಿನ ಶುಭ ಶುಕ್ರವಾರ ಪಿಲಾತನ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ. ಮ್ಯಾಂಚೆಸ್ಟರಿನ ಹಾಳೆಯಲ್ಲಿ ಆ ಪ್ರಶ್ನೆ ಉಳಿದಿಲ್ಲ. ಸತ್ಯವೆಂಬ ಪದದ ಅರ್ಧ ಉಳಿದಿದೆ. ಉಳಿದರ್ಧವನ್ನು ಶಾಯಿಯಿಂದ ತುಂಬುವ ಆತುರ ನಮಗೆ ಬೇಡ. ಸತ್ಯವನ್ನು ನುಡಿದು, ಪರರ ಸೊತ್ತನ್ನು ಪರರದೆಂದು ಬಗೆದು, ಪಡೆದುದನ್ನು ಪಡೆದಂತೆಯೇ ಮುಂದಿನವರ ಕೈಗೆ ಒಪ್ಪಿಸಿದರೆ, ನಮ್ಮ ಸಾಧಾರಣ ಕುಟುಂಬಗಳೂ ಆ ಸಾಕ್ಷಿಗಳ ಸರಪಣಿಯಲ್ಲಿ ಒಂದೊಂದು ಕೊಂಡಿಯಾಗುತ್ತವೆ.